ಮನೆ ಮಾರುವ ಪಟ, ಮನೆ ತೋರುವ ಪಟ

ಮೂವತ್ತು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬರುತ್ತಿದ್ದ ‘ಮನೆ ಮಾರಾಟಕ್ಕಿದೆ’ ಜಾಹೀರಾತುಗಳನ್ನು ಓದುಗರು ಒಮ್ಮೆ ನೆನಪಿಸಿಕೊಳ್ಳಬಹುದು. ಸೈಟಿನ ಅಳತೆ, ಬಾಗಿಲು ಯಾವ ದಿಕ್ಕಿಗೆ, ಎಷ್ಟು ಕೋಣೆ, ನಲ್ಲಿ ನೀರೋ ಬೋರ್‌ವೆಲ್ಲೋ, ಬಸ್ ನಿಲ್ದಾಣ ಎಷ್ಟು ದೂರ, ಕೊನೆಗೆ ‘ದಲ್ಲಾಳಿಗಳು ಬೇಡ’ ಎಂಬ ಎಚ್ಚರಿಕೆ. ಇಷ್ಟೂ ನಾಲ್ಕೇ ಸಾಲಿನಲ್ಲಿ. ಚಿತ್ರದ ಮಾತೇ ಇರಲಿಲ್ಲ. ಮನೆ ಹೇಗಿದೆ ಎಂದು ತಿಳಿಯಬೇಕಾದರೆ ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೋಗಿ, ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಮಹಡಿ ಹತ್ತಿ ನೋಡಬೇಕಿತ್ತು.

ಈಗ ಕ್ರಮ ತಿರುಗುಮುರುಗಾಗಿದೆ. ಮೊದಲು ಪಟ, ಆಮೇಲೆ ಮನೆ. ಮೊಬೈಲ್ ಪರದೆಯ ಮೇಲೆ ಬೆರಳಾಡಿಸುತ್ತಾ ಒಂದು ಸಂಜೆಯಲ್ಲಿ ನೂರು ಮನೆ ನೋಡುವವರು ತೊಂಬತ್ತೈದನ್ನು ಚಿತ್ರ ನೋಡಿಯೇ ತಳ್ಳಿಹಾಕುತ್ತಾರೆ. ಹೊರದೇಶದಲ್ಲಿ ದುಡಿಯುವ ಮಗನೊಬ್ಬ ತಂದೆತಾಯಿಗೆಂದು ಊರಲ್ಲಿ ಫ್ಲ್ಯಾಟ್ ಕೊಳ್ಳುವಾಗ ಮುಂಗಡ ಹಣ ಹೋಗುವುದು ಹತ್ತು ಹನ್ನೆರಡು ಚಿತ್ರಗಳ ಬಲದ ಮೇಲೆ. ಸಾಮಾನ್ಯ ಸಂಸಾರವೊಂದು ತನ್ನ ಇಡೀ ಬದುಕಿನಲ್ಲಿ ಮಾಡುವ ಅತಿ ದೊಡ್ಡ ವ್ಯವಹಾರ ಹೀಗೆ ಒಂದು ಛಾಯಾಚಿತ್ರದಿಂದ ಆರಂಭವಾಗುತ್ತದೆ ಎಂದಮೇಲೆ, ಆ ಚಿತ್ರ ತೆಗೆಯುವ ವಿದ್ಯೆ ಎಲ್ಲಿಂದ ಬಂತು, ಅದು ಎಷ್ಟು ತೋರಿಸುತ್ತದೆ, ಎಷ್ಟು ಮುಚ್ಚಿಡುತ್ತದೆ ಎಂದು ಕೇಳುವುದು ಅಗತ್ಯ.

ಕೋಣೆಯ ಮೂಲೆಯಿಂದ ತೆಗೆದ ವಿಶಾಲ ಚಿತ್ರ, ಕಿಟಕಿಯಾಚೆಯ ನೀಲಿ ಆಕಾಶ, ಮುಸ್ಸಂಜೆಯಲ್ಲಿ ದೀಪ ಹಚ್ಚಿದ ಮನೆ, ಕಂಬದಂತೆ ನೆಟ್ಟಗೆ ನಿಂತ ಗೋಡೆಗಳು: ಇವೆಲ್ಲ ಮೊಬೈಲ್ ಯುಗದ ಆವಿಷ್ಕಾರಗಳೆಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಇವುಗಳಲ್ಲಿ ಕೆಲವು ವಿದ್ಯುದ್ದೀಪಕ್ಕಿಂತ ಹಳೆಯವು.

ಉಳಿದುಬಂದಿರುವ ಛಾಯಾಚಿತ್ರಗಳಲ್ಲಿ ಅತ್ಯಂತ ಹಳೆಯದು ಮನೆಯದೇ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಂಡ ಮಾಡು, ಗೋಡೆಗಳನ್ನು ಲೋಹದ ಫಲಕದ ಮೇಲೆ ಮೂಡಿಸಿದ. ಬೆಳಕಿಗೆ ಫಲಕವನ್ನು ಹಲವು ಗಂಟೆಗಳ ಕಾಲ ಒಡ್ಡಬೇಕಾದ್ದರಿಂದ ಆ ಹೊತ್ತಿಗೆ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗಿ, ಎದುರುಬದುರಾದ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಂತೆ ಚಿತ್ರ ಬಂದಿದೆ. ಮನೆಯ ಎಲ್ಲ ಮಗ್ಗುಲಿಗೂ ಬಿಸಿಲು ಬೀಳಲಿ ಎಂದು ಹಾರೈಸುವ ಇಂದಿನ ಬ್ರೋಕರುಗಳಿಗೆ ಇದು ಅಸೂಯೆ ಹುಟ್ಟಿಸಬಹುದು.

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟಿನಲ್ಲಿ ತೆಗೆದ, ಈಗ ಲಭ್ಯವಿರುವ ಅತಿ ಹಳೆಯ ನೆಗೆಟಿವ್ ಕೂಡ ಮನೆಯೊಳಗಿನದು. ಲೇಕಾಕ್ ಆಬಿ ಎಂಬ ತನ್ನ ಮನೆಯ ಕಿಟಕಿಗೆ ಎದುರಾಗಿ ಒಳಗೆ ಕ್ಯಾಮೆರಾ ಇಟ್ಟು ತೆಗೆದ ಈ ಪುಟ್ಟ ಚಿತ್ರದಲ್ಲಿ ಕಿಟಕಿಯ ಗಾಜಿನ ಚೌಕಗಳು ಬಂದವೇ ಹೊರತು ಕೋಣೆ ಬರಲಿಲ್ಲ. ಒಳಗೆ ಕತ್ತಲು, ಹೊರಗೆ ಬೆಳಕು. ಮನೆಯ ಚಿತ್ರ ತೆಗೆಯುವವರನ್ನು ಇಂದಿಗೂ ಕಾಡುವ ಮೊದಲ ಸಮಸ್ಯೆ ಇದೇ. ಇದೇ ಟಾಲ್ಬಟ್ ಮುಂದೆ ತನ್ನ ಪುಸ್ತಕದಲ್ಲಿ ಪಿಂಗಾಣಿ ಪಾತ್ರೆಗಳ ಕಪಾಟಿನ ಚಿತ್ರವೊಂದನ್ನು ಕೊಟ್ಟು, ಕಳ್ಳ ಇವನ್ನು ಕದ್ದೊಯ್ದರೆ ನ್ಯಾಯಾಲಯದಲ್ಲಿ ಚಿತ್ರವೇ ಸಾಕ್ಷಿಯಾದೀತು ಎಂಬ ಅರ್ಥದ ಮಾತು ಬರೆದ. ಚಿತ್ರವೆಂದರೆ ಆಸ್ತಿಯ ಪಟ್ಟಿ, ಆಸ್ತಿಯ ಸಾಕ್ಷಿ ಎಂಬ ಭಾವನೆ ಅಷ್ಟು ಬೇಗ ಹುಟ್ಟಿತ್ತು.

ಸಾಕ್ಷಿಯನ್ನು ತುಸು ತಿದ್ದುವ ಚಾಳಿಯೂ ಹೆಚ್ಚು ಹಿಂದೆ ಬೀಳಲಿಲ್ಲ.

ತೇಪೆಯ ಜಾಣ್ಮೆ

1851ರಲ್ಲಿ ಫ್ರಾನ್ಸಿನ ಸರ್ಕಾರಿ ಆಯೋಗವೊಂದು ದೇಶದ ಹಳೆಯ ಕಟ್ಟಡಗಳನ್ನು ದಾಖಲಿಸಲು ಐವರು ಛಾಯಾಗ್ರಾಹಕರನ್ನು ನೇಮಿಸಿತು. ಅವರಲ್ಲಿ ಎಡ್ವರ್ಡ್ ಬಾಲ್ದುಸ್ ಒಬ್ಬ. ಆರ್ಲ್ ಪಟ್ಟಣದ ಸೇಂಟ್ ಟ್ರೋಫೀಮ್ ಚರ್ಚಿನ ಕಂಬಸಾಲಿನ ಪಡಸಾಲೆಯಲ್ಲಿ ಅವನಿಗೆ ಟಾಲ್ಬಟ್‌ನ ಸಮಸ್ಯೆಯೇ ಎದುರಾಯಿತು. ಕಂಬಗಳ ಹಿಂದಿನ ನೆರಳು ಸರಿಯಾಗಿ ಬರುವಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಅಂಗಳದ ಬಿಸಿಲು ಬೆಳ್ಳಗೆ ಸುಟ್ಟುಹೋಗುತ್ತಿತ್ತು. ಅಂಗಳಕ್ಕೆ ಸರಿಹೊಂದಿಸಿದರೆ ಕಂಬಗಳು ಕಪ್ಪು. ಹತ್ತಿರದ ಕಂಬ, ದೂರದ ಗೋಡೆ ಎರಡೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತಲೂ ಇರಲಿಲ್ಲ. ಬಾಲ್ದುಸ್ ಒಂದೊಂದು ಭಾಗಕ್ಕೂ ಬೇರೆ ಬೇರೆ ನೆಗೆಟಿವ್ ತೆಗೆದು, ಸುಮಾರು ಹತ್ತು ಕಾಗದದ ತುಂಡುಗಳನ್ನು ಕತ್ತರಿಸಿ ಜೋಡಿಸಿ, ಸಂದುಗಳನ್ನು ಕುಂಚದಿಂದ ಮುಚ್ಚಿ ಒಂದೇ ಚಿತ್ರ ಮಾಡಿದ. ಇಂದಿನ ಮೊಬೈಲು ಗುಂಡಿ ಒತ್ತಿದ ಕ್ಷಣದಲ್ಲಿ ಹೆಚ್ಚು ಕಡಿಮೆ ಬೆಳಕಿನ ಹಲವು ಚಿತ್ರಗಳನ್ನು ತೆಗೆದು ತಾನೇ ಬೆಸೆದುಬಿಡುತ್ತದಲ್ಲ, ಅದೇ ಕೆಲಸವನ್ನು ಅವನು ಕತ್ತರಿ, ಅಂಟಿನಿಂದ ಮಾಡಿದ್ದ.

ಅದೇ ತಂಡದ ಗುಸ್ತಾವ್ ಲ ಗ್ರೇ ಕೆಲವು ವರ್ಷಗಳ ನಂತರ ಸಮುದ್ರದ ಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ ಹೆಸರು ಮಾಡಿದ. ಒಂದೇ ಮೋಡ ಅವನ ಎರಡು ಬೇರೆ ಬೇರೆ ಚಿತ್ರಗಳಲ್ಲಿ ಕಾಣಿಸಿಕೊಂಡಿರುವುದೂ ಉಂಟು. ಬೇರೆಲ್ಲಿಂದಲೋ ತಂದ ಆಕಾಶವನ್ನು ಮನೆಯ ಮೇಲೆ ಅಂಟಿಸುವ ಇಂದಿನ ಪದ್ಧತಿಗೆ ಅವನೇ ಹಿರಿಯಣ್ಣ ಎನ್ನಬಹುದು.

ಅವನನ್ನೇ ಪೂರ್ತಿ ದೂರುವಂತಿಲ್ಲ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕು ಬೇಗ ನಾಟುತ್ತಿತ್ತು. ಕಟ್ಟಡ ಮೂಡುವಷ್ಟರಲ್ಲಿ ಆಕಾಶ ಬರೀ ಬಿಳಿ ಹಾಳೆಯಾಗಿರುತ್ತಿತ್ತು. ಕರ್ನಾಟಕದ ದೇವಾಲಯಗಳನ್ನು ಮೊದಲಿಗೆ ಕ್ಯಾಮೆರಾದಲ್ಲಿ ಹಿಡಿದವರಿಗೂ ಇದೇ ತೊಡಕು. ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸ್ ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ತೆಗೆದ ಚಿತ್ರಗಳು ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿದವು. ಅದಾದ ಮೇಲೆ ಬರ್ಮಾಕ್ಕೆ ಹೋದ ಟ್ರೈಪ್ ಅಲ್ಲಿನ ನೆಗೆಟಿವ್‌ಗಳ ಖಾಲಿ ಆಕಾಶದಲ್ಲಿ ತನ್ನ ಕೈಯಾರೆ ಮೋಡಗಳನ್ನು ಬರೆದ.

ಹಂಪಿಯ ಕಥೆ ಇನ್ನೊಂದು ಬಗೆಯದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಅಲ್ಲಿ ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳನ್ನು ತೆಗೆದಿದ್ದ. ಬಹುಕಾಲ ಯಾರ ಗಮನಕ್ಕೂ ಬಾರದೆ ಇಂಗ್ಲೆಂಡಿನಲ್ಲಿದ್ದ ಅವು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಒಂದೂಕಾಲು ಶತಮಾನದಲ್ಲಿ ಯಾವ ಕಲ್ಲು ಬಿತ್ತು, ಯಾವ ಕಂಬ ಉಳಿಯಿತು ಎಂದು ಜೋಡಿ ಚಿತ್ರಗಳು ಹೇಳಿದವು. ಕ್ಯಾಮೆರಾ ನೇರವಾಗಿದ್ದು, ಕಟ್ಟಡದ ಗೆರೆಗಳು ಗೆರೆಗಳಾಗಿಯೇ ಉಳಿದಿದ್ದರಿಂದ ಇಂಥ ಹೋಲಿಕೆ ಸಾಧ್ಯವಾಯಿತು.

ಗೋಡೆ ನೆಟ್ಟಗೆ, ಕೋಣೆ ಉದ್ದಕ್ಕೆ

ಈ ‘ಗೆರೆ’ಯ ವಿಷಯ ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಎತ್ತರದ ಮನೆಯ ಮುಂದೆ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಮೇಲೆ ಹೋಗುತ್ತಾ ಒಂದರತ್ತ ಒಂದು ವಾಲಿ, ಮನೆ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಹಳೆಯ ಕಾಲದ, ಕಪ್ಪು ಬಟ್ಟೆ ಹೊದ್ದು ನೋಡುವ ಮರದ ಕ್ಯಾಮೆರಾಗಳಲ್ಲಿ ಇದಕ್ಕೆ ಸುಲಭ ಪರಿಹಾರವಿತ್ತು. ಪೆಟ್ಟಿಗೆಯನ್ನು ನೆಲಕ್ಕೆ ಸಮವಾಗಿಯೇ ಇಟ್ಟು, ಮುಂದಿನ ಲೆನ್ಸನ್ನು ಮಾತ್ರ ಮೇಲಕ್ಕೆ ಜಾರಿಸುವುದು. ಗೋಡೆ ನೆಟ್ಟಗೆ ನಿಲ್ಲುತ್ತಿತ್ತು, ಮಾಡೂ ಚೌಕಟ್ಟಿನೊಳಗೆ ಬರುತ್ತಿತ್ತು. ಸಣ್ಣ ಕ್ಯಾಮೆರಾಗಳು ಬಂದಾಗ ಈ ಸೌಲಭ್ಯ ತಪ್ಪಿತು. ಮೇಲೆ ಕೆಳಗೆ ಜರುಗುವ ಲೆನ್ಸನ್ನು ನಿಕಾನ್ ಕಂಪೆನಿ ಸಣ್ಣ ಕ್ಯಾಮೆರಾಕ್ಕೆ ಒದಗಿಸಿದ್ದು 1960ರ ದಶಕದ ಆರಂಭದಲ್ಲಿ. ಮೊಬೈಲಿನಲ್ಲಿ ಲೆನ್ಸ್ ಜಾರಿಸಲು ಬರುವುದಿಲ್ಲ, ನಿಜ. ಆದರೆ ಮೊಬೈಲನ್ನು ವಾಲಿಸದೆ ನೇರ ಹಿಡಿದು, ರಸ್ತೆಯ ಆಚೆ ಬದಿಗೋ ಎದುರು ಮನೆಯ ಮಹಡಿಗೋ ಹೋಗಿ ತೆಗೆದರೆ ಅರ್ಧ ಸಮಸ್ಯೆ ಅಲ್ಲಿಯೇ ನೀಗುತ್ತದೆ.

ಕೋಣೆಯೊಳಗೆ ಸಮಸ್ಯೆ ಬೇರೆ. ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಆದ್ದರಿಂದ ವಿಶಾಲ ಕೋನದ ಲೆನ್ಸು ಬೇಕು. 1900ರಲ್ಲಿ ಜರ್ಮನಿಯ ಗೋರ್ಜ್ ಕಂಪೆನಿ ‘ಹೈಪರ್‌ಗಾನ್’ ಎಂಬ ಲೆನ್ಸನ್ನು ಹೊರತಂದಿತು. ಅದು ಒಮ್ಮೆಗೆ 130 ಡಿಗ್ರಿಗೂ ಹೆಚ್ಚು ಅಗಲವನ್ನು ಹಿಡಿಯುತ್ತಿತ್ತು. ನಡುವೆ ಬೆಳಕು ಹೆಚ್ಚಾಗಿ ಅಂಚು ಕಪ್ಪಾಗುವುದನ್ನು ತಪ್ಪಿಸಲು ಅದರ ಮುಂದೆ ನಕ್ಷತ್ರದ ಆಕಾರದ ಪುಟ್ಟ ಚಕ್ರವೊಂದಿತ್ತು. ರಬ್ಬರ್ ಬುಗ್ಗೆ ಒತ್ತಿ ಗಾಳಿ ಊದಿದರೆ ಅದು ಗಿರ್ರನೆ ತಿರುಗಿ ನಡುವಿನ ಬೆಳಕನ್ನು ತಡೆಯುತ್ತಿತ್ತು.

ವಿಶಾಲ ಕೋನದ ಲೆನ್ಸು ಸುಳ್ಳು ಹೇಳುವುದಿಲ್ಲ, ಆದರೆ ಹತ್ತಿರದ ವಸ್ತುವನ್ನು ಬಹಳ ದೊಡ್ಡದಾಗಿಯೂ ದೂರದ ಗೋಡೆಯನ್ನು ಬಹಳ ದೂರವಾಗಿಯೂ ತೋರಿಸುತ್ತದೆ. ಹತ್ತಡಿ ಉದ್ದದ ಮಲಗುವ ಕೋಣೆ ಕಲ್ಯಾಣ ಮಂಟಪವಾಗುವುದು ಹೀಗೆ. ಕೊಳ್ಳುವವರು ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಚಿತ್ರದ ಅಂಚಿನಲ್ಲಿರುವ ಗಡಿಯಾರ, ತಟ್ಟೆ, ದೀಪದ ಬುರುಡೆಯಂಥ ದುಂಡು ವಸ್ತುಗಳು ಮೊಟ್ಟೆಯಾಕಾರಕ್ಕೆ ಎಳೆದಂತಿದ್ದರೆ, ಮಂಚದ ಕಾಲಬದಿ ತಲೆದಿಂಬಿನ ಬದಿಗಿಂತ ಎರಡು ಪಟ್ಟು ಅಗಲವಾಗಿದ್ದರೆ ಕೋಣೆಯನ್ನೂ ಅಷ್ಟೇ ಎಳೆಯಲಾಗಿದೆ ಎಂದರ್ಥ. ನೆಲದ ಟೈಲ್ಸ್ ಎಣಿಸುವುದು ಇನ್ನೂ ಸುಲಭ. ಎರಡಡಿ ಟೈಲು ಐದು ಕೂತಿದ್ದರೆ ಕೋಣೆ ಹತ್ತಡಿಯೇ, ಲೆನ್ಸು ಏನೇ ಹೇಳಲಿ.

ಮಾರಾಟಕ್ಕಲ್ಲದ ಮನೆಗಳು

ಒಳಗಿನ ಕತ್ತಲೆಗೆ ಉತ್ತರ ಬಂದದ್ದು 1887ರಲ್ಲಿ, ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆತ ಫ್ಲ್ಯಾಶ್ ಪುಡಿ ಸಿದ್ಧವಾದಾಗ. ಇದನ್ನು ತಕ್ಷಣ ಕೈಗೆತ್ತಿಕೊಂಡವರಲ್ಲಿ ನ್ಯೂಯಾರ್ಕಿನ ಪೊಲೀಸ್ ವರದಿಗಾರ, ಡೆನ್ಮಾರ್ಕ್ ಮೂಲದ ಜೇಕಬ್ ರೀಸ್ ಒಬ್ಬ. ಅವನಿಗೆ ಬೇಕಾಗಿದ್ದು ಶ್ರೀಮಂತರ ದಿವಾನಖಾನೆಗಳಲ್ಲ, ವಲಸಿಗರು ತುಂಬಿದ್ದ ಬಾಡಿಗೆ ವಠಾರಗಳು. ಬೇಯಾರ್ಡ್ ಬೀದಿಯ ಒಂದು ಕೋಣೆಯ ಚಿತ್ರ ಪ್ರಸಿದ್ಧವಾಗಿದೆ. ಉದ್ದಗಲ ಹದಿಮೂರಡಿಯೂ ಇಲ್ಲದ ಆ ಕೋಣೆಯಲ್ಲಿ ಹನ್ನೆರಡು ಮಂದಿ ಮಲಗಿದ್ದರೆಂದು ರೀಸ್ ಬರೆದಿದ್ದಾನೆ. ತಲೆಗೆ ಐದು ಸೆಂಟ್ ಬಾಡಿಗೆ.

ಫ್ಲ್ಯಾಶ್ ಪುಡಿಯನ್ನು ಬಾಣಲೆಯಲ್ಲಿಟ್ಟು ಉರಿಸುತ್ತಿದ್ದ ರೀಸ್ ಒಮ್ಮೆ ಕುರುಡರು ವಾಸವಿದ್ದ ಅಟ್ಟದ ಕೋಣೆಗೆ ಬೆಂಕಿ ಹೊತ್ತಿಸಿದ. ಗೋಡೆಗೆ ನೇತುಹಾಕಿದ್ದ ಕಾಗದ, ಚಿಂದಿಗಳಿಗೆ ಹತ್ತಿದ ಬೆಂಕಿಯನ್ನು ಒಬ್ಬನೇ ಹೊಸಕಿ ಆರಿಸಿ, ಬೆವರುತ್ತಾ ಕೆಳಗಿಳಿದು ಪೊಲೀಸನಿಗೆ ಹೇಳಿದರೆ ಆತ ನಕ್ಕನಂತೆ. ಆ ಮನೆಗೆ ಹಿಂದಿನ ಚಳಿಗಾಲದಲ್ಲಿ ಆರು ಸಲ ಬೆಂಕಿ ಬಿದ್ದಿತ್ತು, ಗೋಡೆಯ ಮೇಲಿನ ಕೊಳೆ ಎಷ್ಟು ದಪ್ಪವೆಂದರೆ ಬೆಂಕಿಯೇ ಉಸಿರುಗಟ್ಟಿ ಆರುತ್ತದೆ ಎಂಬುದು ಅವನ ವಿವರಣೆ.

ರೀಸ್‌ನ ಪುಸ್ತಕ 1890ರಲ್ಲಿ ಪ್ರಕಟವಾಯಿತು. ನಡುರಾತ್ರಿ ಕೇಳದೆ ಮಾಡದೆ ಬಡವರ ಕೋಣೆಗೆ ನುಗ್ಗಿ ಕಣ್ಣು ಕುಕ್ಕುವ ಬೆಳಕು ಹಚ್ಚುತ್ತಿದ್ದ ಅವನ ರೀತಿಗೂ, ಒಂದೊಂದು ಜನಾಂಗದ ಬಗ್ಗೆ ಅವನು ಬರೆದ ಹಗುರ ಮಾತುಗಳಿಗೂ ಇಂದು ಆಕ್ಷೇಪಗಳಿವೆ. ಅವು ನ್ಯಾಯವಾದ ಆಕ್ಷೇಪಗಳೇ. ಆದರೆ ಬಾಡಿಗೆ ವಸೂಲಿ ಮಾಡುತ್ತಿದ್ದ ಯಾವ ಮಾಲೀಕನೂ ತೋರಿಸದಿದ್ದುದನ್ನು ಆ ಚಿತ್ರಗಳು ತೋರಿಸಿದವು. ಅನೇಕರ ಹೋರಾಟದ ನಂತರ 1901ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ವಠಾರ ಕಾಯಿದೆ ತಂದಾಗ, ಹೊಸದಾಗಿ ಕಟ್ಟುವ ಮನೆಯ ಪ್ರತಿ ಕೋಣೆಗೂ ಹೊರಗಿನ ಗಾಳಿಗೆ ತೆರೆದ ಕಿಟಕಿ ಇರಲೇಬೇಕೆಂಬ ನಿಯಮವೂ ಅದರಲ್ಲಿತ್ತು.

ಅದೇ ನಗರ ಮುಂದೆ ಮನೆಗಳ ಚಿತ್ರಕ್ಕೆ ಇನ್ನೊಂದು ಉಪಯೋಗ ಕಂಡುಕೊಂಡಿತು. 1939ರಿಂದ 1941ರವರೆಗೆ ನಗರದ ತೆರಿಗೆ ಇಲಾಖೆ, ನಿರುದ್ಯೋಗಿಗಳಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ಸ್ಥಾಪಿಸಿದ್ದ ಸಂಸ್ಥೆಯ ನೆರವಿನಿಂದ, ನ್ಯೂಯಾರ್ಕಿನ ಐದೂ ಭಾಗಗಳಲ್ಲಿದ್ದ ಪ್ರತಿಯೊಂದು ಕಟ್ಟಡದ ಚಿತ್ರ ತೆಗೆಸಿತು. ಒಟ್ಟು ಏಳು ಲಕ್ಷಕ್ಕೂ ಹೆಚ್ಚು. ತೆರಿಗೆಗಾಗಿ ಸ್ವತ್ತಿನ ಬೆಲೆ ಕಟ್ಟುವುದು ಇದರ ಉದ್ದೇಶ. ಪ್ರತಿ ಮನೆಯ ಮುಂದೆ ಬ್ಲಾಕ್ ಸಂಖ್ಯೆ, ನಿವೇಶನ ಸಂಖ್ಯೆ ಬರೆದ ಹಲಗೆಯೊಂದನ್ನು ಹಿಡಿದು ಕ್ಲಿಕ್ಕಿಸುವುದು, ಮುಂದಿನ ಮನೆಗೆ ಹೋಗುವುದು. ಅಂದಗಾಣಿಸುವ ಪ್ರಶ್ನೆಯೇ ಇಲ್ಲ. ತಂತಿಯ ಮೇಲೆ ಒಣಗುವ ಬಟ್ಟೆ, ಆಡುವ ಮಕ್ಕಳು, ಕಸದ ಡಬ್ಬ, ಅಂಗಡಿಯ ಬೋರ್ಡು ಎಲ್ಲವೂ ಬಂದವು. ಖಾಲಿ ನಿವೇಶನಗಳೂ ಬಂದವು.

ಗುಮಾಸ್ತರ ಕೆಲಸದಂತೆ ತೆಗೆದ ಈ ಚಿತ್ರಗಳು ಇಂದು ನಗರದ ದೊಡ್ಡ ನಿಧಿ. 1980ರ ದಶಕದಲ್ಲಿ ಮತ್ತೊಮ್ಮೆ ಬಣ್ಣದಲ್ಲಿ ಇಂಥದೇ ಸಮೀಕ್ಷೆ ನಡೆಯಿತು. ಹಳೆಯ ಚಿತ್ರಗಳನ್ನು ನಗರದ ದಾಖಲೆ ಭಂಡಾರ 2018ರಲ್ಲಿ ಅಂತರ್ಜಾಲದಲ್ಲಿ ಇಟ್ಟಾಗ ಜನ ತಮ್ಮ ಅಜ್ಜ ಅಜ್ಜಿಯರ ಮನೆ ಹುಡುಕಲು ಮುಗಿಬಿದ್ದರು. ಹಳೆಯ ಮನೆಯನ್ನು ಮೊದಲಿನಂತೆ ದುರಸ್ತಿ ಮಾಡಿಸುವವರಿಗೂ ಇವೇ ಆಧಾರ. ಬೆಂಗಳೂರಿನ ಪಾಲಿಕೆ 2024ರಲ್ಲಿ ಆನ್‌ಲೈನ್ ಇ-ಖಾತಾ ಆರಂಭಿಸಿದಾಗ ಮಾಲೀಕರಿಂದ ಕೇಳಿದ ದಾಖಲೆಗಳಲ್ಲಿ ಸ್ವತ್ತಿನ ಫೋಟೋ ಸಹ ಒಂದಾಗಿತ್ತು. ಎಂಬತ್ತು ವರ್ಷಗಳ ನಂತರ ಯಾರಾದರೂ ಅವನ್ನು ತೆರೆದು ನೋಡಿದರೆ ಇಂದಿನ ಬೆಂಗಳೂರಿನ ಗೇಟು, ಸಂಪು, ಸ್ಕೂಟರು, ತುಳಸಿ ಕುಂಡಗಳೆಲ್ಲ ಅವರಿಗೆ ಕಾಣಬಹುದು.

ಕನಸಿನ ಮನೆಯ ಏಳು ನಿಮಿಷ

ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ಹೊರಟವರು ಅಮೆರಿಕದ ಪಶ್ಚಿಮ ಕರಾವಳಿಯ ಜೂಲಿಯಸ್ ಶುಲ್ಮನ್. ಇಂದು ಮನೆ ಮಾರುವ ಚಿತ್ರಗಳೆಲ್ಲ, ತಿಳಿದೋ ತಿಳಿಯದೆಯೋ, ಅವರ ಶಿಷ್ಯಕೋಟಿಗೆ ಸೇರಿದವು ಎಂದರೆ ತಪ್ಪಾಗಲಾರದು. 1910ರಲ್ಲಿ ಹುಟ್ಟಿದ ಶುಲ್ಮನ್ ಛಾಯಾಗ್ರಹಣವನ್ನು ಶಾಸ್ತ್ರೋಕ್ತವಾಗಿ ಕಲಿತವರಲ್ಲ. 1936ರಲ್ಲಿ ಲಾಸ್ ಏಂಜಲೀಸಿನಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಕಟ್ಟಿದ ಮನೆಯೊಂದನ್ನು ಜೇಬಿನ ಕೊಡಾಕ್ ಕ್ಯಾಮೆರಾದಲ್ಲಿ ತೆಗೆದರು. ಚಿತ್ರ ನೋಡಿ ನ್ಯೂಟ್ರಾ ಕರೆಸಿಕೊಂಡರು. ಅಲ್ಲಿಂದ ಸುಮಾರು ಏಳು ದಶಕ ಅವರಿಗೆ ಅದೇ ವೃತ್ತಿಯಾಯಿತು.

1947ರಲ್ಲಿ ಪಾಮ್ ಸ್ಪ್ರಿಂಗ್ಸ್ ಮರುಭೂಮಿಯ ಕಾಫ್‌ಮನ್ ಮನೆಯನ್ನು ತೆಗೆಯುವಾಗ ಶುಲ್ಮನ್ ಸಂಜೆಯನ್ನು ಆರಿಸಿಕೊಂಡರು. ಬೆಟ್ಟದ ಮೇಲೆ ಬೆಳಕು ಇನ್ನೂ ಉಳಿದಿರಬೇಕು, ಮನೆಯೊಳಗಿನ ದೀಪಗಳೂ ಕಾಣಬೇಕು. ಎರಡೂ ಸಮನಾಗುವ ಹೊತ್ತು ಬಹಳ ಕಿರಿದು. ಮುಕ್ಕಾಲು ಗಂಟೆಯ ಅವಧಿಯಲ್ಲಿ ಒಂದೇ ಫಿಲಂ ಮೇಲೆ ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಬೀಳಿಸುತ್ತಾ, ನಡುನಡುವೆ ಮನೆಯೊಳಗೆ ಓಡಿಹೋಗಿ ದೀಪಗಳನ್ನು ಹಚ್ಚಿ ಆರಿಸಿ ಚಿತ್ರ ಮುಗಿಸಿದರು. ಈಜುಕೊಳದ ದೀಪ ಕಣ್ಣು ಕುಕ್ಕುತ್ತಿತ್ತು. ಅದಕ್ಕೆ ಅಡ್ಡವಾಗಿ ಮಲಗಲು ಮನೆಯೊಡತಿಯನ್ನೇ ಕೇಳಿಕೊಂಡರು. ಚಿತ್ರದಲ್ಲಿ ಆಕೆ ಆರಾಮವಾಗಿ ಒರಗಿದಂತೆ ಕಾಣುತ್ತಾರೆ. ಇಂದಿನ ಜಾಹೀರಾತುಗಳ ಮುಸ್ಸಂಜೆ ಚಿತ್ರಗಳ ಮೂಲ ಇಲ್ಲಿದೆ.

1960ರ ಮೇ 9ರ ರಾತ್ರಿ ಲಾಸ್ ಏಂಜಲೀಸಿನ ಗುಡ್ಡದ ಮೇಲೆ ತೆಗೆದದ್ದು ಇದಕ್ಕಿಂತ ಪ್ರಸಿದ್ಧ. ‘ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್’ ಪತ್ರಿಕೆ 1945ರಲ್ಲಿ ಆರಂಭಿಸಿದ ಮಾದರಿ ಮನೆಗಳ ಯೋಜನೆಯಲ್ಲಿ ಇದು 22ನೆಯದು. ಮಹಾಯುದ್ಧದ ನಂತರ ಸಾಮಾನ್ಯ ಜನರಿಗೆ ಹೊಸ ಸಾಮಗ್ರಿಗಳಿಂದ ಕಡಿಮೆ ಖರ್ಚಿನ ಮನೆ ಕಟ್ಟಿ ತೋರಿಸಬೇಕೆಂಬುದು ಆ ಯೋಜನೆಯ ಆಶಯವಾಗಿತ್ತು. ಸ್ಟಾಲ್ ದಂಪತಿ 1954ರಲ್ಲಿ 13,500 ಡಾಲರಿಗೆ ಕೊಂಡಿದ್ದ ಕಡಿದಾದ ಜಾಗದಲ್ಲಿ ಪಿಯರ್ ಕೋನಿಗ್ ಎಂಬ ವಾಸ್ತುಶಿಲ್ಪಿ ಉಕ್ಕು, ಗಾಜುಗಳ ಮನೆ ಕಟ್ಟಿದ್ದರು.

ಕೆಳಗೆ ನಗರದ ದೀಪಗಳ ಸಾಲು, ಮೇಲೆ ಗಾಜಿನ ಕೋಣೆಯಲ್ಲಿ ಮಾತಾಡುತ್ತಾ ಕುಳಿತ ಇಬ್ಬರು ಯುವತಿಯರು. ನಗರದ ದೀಪಗಳು ಫಿಲಂ ಮೇಲೆ ಮೂಡಲು ಏಳು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಮನೆಯ ದೀಪಗಳನ್ನೆಲ್ಲ ಆರಿಸಿ ಯುವತಿಯರನ್ನು ಕತ್ತಲಲ್ಲಿ ಕೂರಿಸಲಾಗಿತ್ತು. ಮನೆಯ ದೀಪದ ಗೋಲಗಳಲ್ಲಿ ಮಾಮೂಲಿ ಬಲ್ಬಿನ ಬದಲು ಫ್ಲ್ಯಾಶ್ ಬಲ್ಬು ಹಾಕಿದ್ದರು. ಏಳು ನಿಮಿಷ ಕಳೆದ ಮೇಲೆ ಒಂದೇ ಮಿಂಚು. ಬಾಲ್ದುಸ್ ಕತ್ತರಿಯಿಂದ ಜೋಡಿಸಿದ್ದ ಒಳಗಿನ ಬೆಳಕು, ಹೊರಗಿನ ಬೆಳಕುಗಳನ್ನು ಶುಲ್ಮನ್ ಗಡಿಯಾರದಿಂದ ಜೋಡಿಸಿದರು.

ಚಿತ್ರದ ಯುವತಿಯರು ಆ ಮನೆಯವರಲ್ಲ, ಆ ಸಂಜೆ ಬಂದ ಅತಿಥಿಗಳು. ಶುಲ್ಮನ್ ಚಿತ್ರಗಳಲ್ಲಿ ಚೌಕಟ್ಟಿನ ಮೇಲಂಚಿಗೆ ಇಳಿಬಿದ್ದ ಕೊಂಬೆಗಳ ಕಥೆಯೂ ಇಂಥದೇ. ಹೊಸ ಮನೆಯ ಸುತ್ತ ಗಿಡ ಬೆಳೆದಿರುವುದಿಲ್ಲ. ಆದ್ದರಿಂದ ಕೊಂಬೆ ಕಡಿದು ತಂದು, ಸಹಾಯಕನ ಕೈಯಲ್ಲೋ ಸ್ಟ್ಯಾಂಡಿನ ಮೇಲೋ ಹಿಡಿಸಿ, ತಂಪಾದ ತೋಟದ ಭ್ರಮೆ ಹುಟ್ಟಿಸುತ್ತಿದ್ದರು. ಈ ಗುಟ್ಟನ್ನು ಅವರೇನೂ ಮುಚ್ಚಿಡಲಿಲ್ಲ. ತಾವು ಮನೆಯನ್ನು ಮಾರುತ್ತಿಲ್ಲ, ಒಂದು ಬಾಳ್ವೆಯ ರೀತಿಯನ್ನು ತೋರಿಸುತ್ತಿದ್ದೇನೆ ಎಂಬ ನಿಲುವು ಅವರದು. ನೋಡಿದ ಜನ ಮಾತ್ರ ಮಾರಾಟವನ್ನೇ ಕಂಡರು. ಸಾಮಾನ್ಯರ ಮನೆಗೆ ಮಾದರಿಯಾಗಬೇಕಿದ್ದ 22ನೇ ಮನೆ ಆ ಒಂದು ಚಿತ್ರದಿಂದ ಸಿರಿವಂತಿಕೆಯ ಗುರುತಾಗಿ, ಸಿನಿಮಾ, ಜಾಹೀರಾತುಗಳಿಗೆ ಬಾಡಿಗೆಗೆ ಹೋಯಿತು. 2025ರ ನವೆಂಬರಿನಲ್ಲಿ ಸ್ಟಾಲ್ ಕುಟುಂಬ ಅದನ್ನು ಮೊದಲ ಬಾರಿಗೆ ಮಾರಾಟಕ್ಕಿಟ್ಟಾಗ ಹೇಳಿದ ಬೆಲೆ 2.5 ಕೋಟಿ ಡಾಲರ್.

ಹಾಗೆಂದು ಶುಲ್ಮನ್ ಚಿತ್ರಗಳು ಬರೀ ಬೆಡಗು ಎಂದು ತಳ್ಳಿಹಾಕುವಂತಿಲ್ಲ. ಕಾಫ್‌ಮನ್ ಮನೆ ಕೈಯಿಂದ ಕೈಗೆ ಹೋಗಿ, ಮನಬಂದಂತೆ ಬದಲಾಗಿ, 1990ರ ದಶಕದಲ್ಲಿ ಹೊಸ ಮಾಲೀಕರ ಪಾಲಾಯಿತು. ಅದನ್ನು ಮೂಲ ರೂಪಕ್ಕೆ ತರಲು ಹೊರಟ ಅವರಿಗೆ ನೆರವಾದದ್ದು ಶುಲ್ಮನ್ ಬಳಿಯಿದ್ದ, ಅಚ್ಚಾಗದೆ ಉಳಿದಿದ್ದ ಚಿತ್ರಗಳು. ಕನಸು ತೋರಿಸಲು ತೆಗೆದ ಪಟ ಕೊನೆಗೆ ನ್ಯೂಯಾರ್ಕಿನ ತೆರಿಗೆ ಪಟದ ಕೆಲಸವನ್ನೇ ಮಾಡಿತು. ಕೊಂಬೆ ಎರವಲಾಗಿರಬಹುದು, ಗೋಡೆಯ ಗೆರೆ ಎರವಲಲ್ಲ.

ಕೈಯಲ್ಲಿರುವ ಕ್ಯಾಮೆರಾ

ಮನೆ ಮಾರುವ ದಲ್ಲಾಳಿಗಳ ಲೋಕಕ್ಕೆ ಈ ವಿದ್ಯೆ ತಡವಾಗಿ ಇಳಿಯಿತು. ಅಮೆರಿಕದಲ್ಲಿ ದಲ್ಲಾಳಿಗಳ ಸಂಘಗಳು ಮಾರಾಟದ ಮನೆಗಳ ದಪ್ಪ ಪುಸ್ತಕ ಅಚ್ಚು ಹಾಕಿಸುತ್ತಿದ್ದವು. ಮನೆಗೊಂದು ಅಂಚೆಚೀಟಿಯಷ್ಟು ಕಪ್ಪುಬಿಳುಪು ಚಿತ್ರ. 1990ರ ದಶಕದ ನಡುವೆ ಅದು ಅಂತರ್ಜಾಲಕ್ಕೆ ಏರಿತು. ಭಾರತದಲ್ಲಿ 2005-06ರ ಹೊತ್ತಿಗೆ 99 ಏಕರ್ಸ್, ಮ್ಯಾಜಿಕ್ ಬ್ರಿಕ್ಸ್‌ನಂಥ ತಾಣಗಳು ಬಂದವು. ಚಿತ್ರದ ಬೆಲೆ ಏನೆಂದು ತೋರಿಸಿದ ಘಟನೆ 2009ರದು. ಮನೆಗಳನ್ನು ದಿನದ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಆಗಿನ್ನೂ ಮುಳುಗುವ ಸ್ಥಿತಿಯಲ್ಲಿದ್ದ ಪುಟ್ಟ ಕಂಪೆನಿ. ನ್ಯೂಯಾರ್ಕಿನ ಮನೆಗಳ ಚಿತ್ರಗಳು ತೀರಾ ಕಳಪೆಯಾಗಿವೆ ಎಂದು ಕಂಡುಕೊಂಡ ಸಂಸ್ಥಾಪಕರು ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತಂದು, ಮನೆಮನೆಗೆ ಹೋಗಿ ತಾವೇ ಚಿತ್ರ ತೆಗೆದರು. ವಾರಕ್ಕೆ 200 ಡಾಲರ್ ಇದ್ದ ಆದಾಯ 400ಕ್ಕೆ ಏರಿತು ಎಂದು ಅವರು ಹೇಳಿಕೊಂಡಿದ್ದಾರೆ.

ಸ್ವಂತ ಮನೆಯನ್ನು ಮಾರಲು ಹೊರಟವರಿಗೆ ಈ ಇತಿಹಾಸದಿಂದ ದಕ್ಕುವುದು ಸಾಕಷ್ಟಿದೆ. ಪೂರ್ವ ಬಾಗಿಲಿನ ಮನೆಯ ಮುಂಭಾಗವನ್ನು ಬೆಳಿಗ್ಗೆಯೇ ತೆಗೆಯಬೇಕು. ಮಧ್ಯಾಹ್ನ ತೆಗೆದರೆ ಬಾಗಿಲು ನೆರಳಿನಲ್ಲಿ ಕಪ್ಪಗೆ ನಿಲ್ಲುತ್ತದೆ. ಪಶ್ಚಿಮಕ್ಕಾದರೆ ಇಳಿಹೊತ್ತು. ಉತ್ತರದ ಮನೆಗೆ ನೇರ ಬಿಸಿಲು ಕಡಿಮೆ, ಅದಕ್ಕೆ ತೆಳು ಮೋಡದ ಹಗಲೋ ಮುಸ್ಸಂಜೆಯೋ ಲೇಸು. ಒಳಗೆ ಕ್ಯಾಮೆರಾ ಎದೆಮಟ್ಟದಲ್ಲಿರಲಿ. ಕಣ್ಣಿನ ಮಟ್ಟದಿಂದ ತೆಗೆದರೆ ಅಡುಗೆಕಟ್ಟೆಯ ಮೇಲ್ಭಾಗ, ಮಂಚದ ಮೇಲ್ಭಾಗಗಳೇ ತುಂಬಿಕೊಳ್ಳುತ್ತವೆ. ಮುಕ್ಕಾಲಿ ಸ್ಟ್ಯಾಂಡಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚೆನಿಸಿದರೆ ಸ್ಟೂಲಿನ ಮೇಲೆ ನಾಲ್ಕು ಪುಸ್ತಕ ಪೇರಿಸಿದರೂ ನಡೆದೀತು. ಹಳದಿ ಬಲ್ಬು, ಬಿಳಿ ಟ್ಯೂಬ್‌ಲೈಟು ಎರಡನ್ನೂ ಒಟ್ಟಿಗೆ ಹಚ್ಚಿದರೆ ಗೋಡೆ ಅರ್ಧ ಅರಿಶಿನ, ಅರ್ಧ ನೀಲಿಯಾಗುತ್ತದೆ. ಒಂದೇ ಬಗೆಯದನ್ನು ಹಚ್ಚಬೇಕು, ಇಲ್ಲವೇ ಎಲ್ಲ ಆರಿಸಿ ಕಿಟಕಿ ತೆರೆಯಬೇಕು. ಮೊಬೈಲಿನಲ್ಲಿ 0.5 ಎಂದು ತೋರುವ ಅತಿ ವಿಶಾಲ ಲೆನ್ಸನ್ನು ಬಚ್ಚಲು, ಸ್ಟೋರ್‌ರೂಮಿನಂಥ ಇಕ್ಕಟ್ಟಿನ ಜಾಗಕ್ಕಷ್ಟೇ ಇಟ್ಟುಕೊಂಡು, ಹಾಲ್, ಕೋಣೆಗಳಿಗೆ ಮಾಮೂಲಿ ಲೆನ್ಸನ್ನೇ ಬಳಸುವುದು ಒಳಿತು.

ದೊಡ್ಡ ಕೋಣೆಯ ಆಸೆಯಿಂದ ಬಂದವರು ಬಾಗಿಲಲ್ಲೇ ಮುಖ ಸಣ್ಣದು ಮಾಡಿಕೊಂಡು ಹೊರಡುತ್ತಾರೆ. ಅದರಿಂದ ಮಾರುವವನಿಗೆ ಹಾಳಾಗುವುದು ಅವನದೇ ಭಾನುವಾರ. ಮನೆಯ ಮುಂದಿನ ರಸ್ತೆ, ಪಕ್ಕದ ಗೋಡೆ, ಅಲ್ಲೇ ಇರುವ ಟ್ರಾನ್ಸ್‌ಫಾರ್ಮರು, ಅಳತೆ ಬರೆದ ನಕ್ಷೆ ಇಷ್ಟನ್ನೂ ಸೇರಿಸಿದ ಜಾಹೀರಾತಿಗೆ ಬರುವ ಫೋನು ಕಡಿಮೆಯಾಗಬಹುದು. ಬಂದವರು ಮಾತ್ರ ಕೊಳ್ಳುವ ಮನಸ್ಸಿನವರಾಗಿರುತ್ತಾರೆ.

ಬಿಲ್ಡರುಗಳ ವಿಷಯ ಬೇರೆ. ಅಲ್ಲಿ ಕಟ್ಟದ ಮನೆಯ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಬರೆದು ಮಾರುವುದು ರೂಢಿ. ಅದರಲ್ಲಿ ಗಿಡಗಳು ಮರಗಳಾಗಿರುತ್ತವೆ, ರಸ್ತೆಯಲ್ಲಿ ವಾಹನವೇ ಇರುವುದಿಲ್ಲ. 2016ರಲ್ಲಿ ಸಂಸತ್ತು ಅಂಗೀಕರಿಸಿದ, ಜನ ರೇರಾ ಎಂದು ಕರೆಯುವ ಸ್ಥಿರಾಸ್ತಿ ಕಾಯಿದೆಯ 12ನೇ ಕಲಂ ಈ ವಿಚಾರದಲ್ಲಿ ಕೊಳ್ಳುವವರ ಪರವಾಗಿದೆ. ಜಾಹೀರಾತಿನಲ್ಲಿ, ಕೈಪಿಡಿಯಲ್ಲಿ ಅಥವಾ ತೋರಿಸಿದ ಮಾದರಿ ಮನೆಯಲ್ಲಿದ್ದ ಸುಳ್ಳು ಮಾಹಿತಿಯನ್ನು ನಂಬಿ ಹಣ ಕಟ್ಟಿ ನಷ್ಟ ಹೊಂದಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಳ್ಳುವವರು ಯೋಜನೆಯಿಂದಲೇ ಹೊರಬರಲು ಬಯಸಿದರೆ ಬಡ್ಡಿ ಸಮೇತ ಹಣ ಹಿಂದಿರುಗಿಸಬೇಕು. ಕರ್ನಾಟಕದಲ್ಲಿ ಇದರ ನಿಯಮಗಳು 2017ರಲ್ಲಿ ಜಾರಿಗೆ ಬಂದವು. ಜಾಹೀರಾತಿನಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಎದ್ದು ಕಾಣುವಂತೆ ಇರಬೇಕೆಂಬುದೂ ಕಾನೂನೇ. ಆದ್ದರಿಂದ ಬಣ್ಣದ ಜಾಹೀರಾತನ್ನು ಎಸೆಯದೆ ಒಪ್ಪಂದ ಪತ್ರದ ಜೊತೆಗೆ ಕಡತದಲ್ಲಿ ಇಟ್ಟುಕೊಳ್ಳುವುದು ಜಾಣತನ. ಟಾಲ್ಬಟ್ ಹೇಳಿದ ನ್ಯಾಯಾಲಯದ ಸಾಕ್ಷಿ ಅದೇ ಆದೀತು. ಹಳೆಯ ಮನೆಯನ್ನು ಮಾಲೀಕನಿಂದ ನೇರವಾಗಿ ಕೊಳ್ಳುವವರಿಗೆ ಈ ಕಲಂನ ರಕ್ಷಣೆ ಇಲ್ಲ. ಅವರು ಭಾನುವಾರ ಹೋಗಿ ಗೋಡೆ ತಟ್ಟಿ ನೋಡಲೇಬೇಕು.

ಶುಲ್ಮನ್ ಬದುಕಿ ಬಾಳಿದ ಕ್ಯಾಲಿಫೋರ್ನಿಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಾರಾಟದ ಮನೆಯ ಚಿತ್ರವನ್ನು ಕಂಪ್ಯೂಟರಿನಿಂದ ಬದಲಿಸಿದ್ದರೆ ದಲ್ಲಾಳಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಮತ್ತು ಮೂಲ ಚಿತ್ರವೂ ನೋಡುವವರಿಗೆ ಸಿಗುವಂತೆ ಮಾಡಬೇಕು. ಇಲ್ಲದ ಸೋಫಾ ಇರಿಸುವುದು, ಕಿಟಕಿಯಾಚೆಯ ನೋಟ ಬದಲಿಸುವುದು, ವಿದ್ಯುತ್ ಕಂಬ ಅಳಿಸುವುದು ಇದರ ವ್ಯಾಪ್ತಿಗೆ ಬರುತ್ತವೆ. ಬೆಳಕು, ಬಣ್ಣ ಹದಗೊಳಿಸುವುದು, ವಾಲಿದ ಗೋಡೆಯನ್ನು ನೇರ ಮಾಡುವುದು, ಅಂಚು ಕತ್ತರಿಸುವುದು ಬರುವುದಿಲ್ಲ. ಕ್ಯಾಮೆರಾದ ಮುಂದೆ ಸಹಾಯಕನೊಬ್ಬ ಕೈಯಲ್ಲಿ ಹಿಡಿದು ನಿಂತ ಮರದ ಕೊಂಬೆಯ ಬಗ್ಗೆ ಕಾನೂನು ಏನೂ ಹೇಳಿಲ್ಲ.